ಹೆಣ ಹೊತ್ತ ಮದುವೆ ಕಾರು

ಆ ಸಿನಿಮಾದ ಹೆಸರು ಅದನ್ನು ತೆಗೆದವರಿಗೂ ಇವತ್ತು ನೆನಪಿರಲಾರದು. ಅದರಲ್ಲಿ ನೋಡುವಂಥದ್ದು ಇದ್ದದ್ದು ಒಂದೇ, ಸಂತೆಬಾಚಹಳ್ಳಿ ತಿಮ್ಮರಾಜುವಿನ ಹಳೇ ಅಂಬಾಸಿಡರ್ ಕಾರು. ಕಾರು ಈಗಿಲ್ಲ. ಅದನ್ನು ನೆನೆದರೆ ತಿಮ್ಮರಾಜುವಿನ ಕಣ್ಣು ತುಂಬುತ್ತದೆ, ಸಿನಿಮಾದವರನ್ನು ನೆನೆದರೆ ಬಾಯಿ ತುಂಬ ಉಗುಳು.

ಅವನಿಗೆ ಮನುಷ್ಯರ ಮೇಲೆ ಅಂಥ ಗೌರವವೇನೂ ಇರಲಿಲ್ಲ, ಇದ್ದದ್ದೆಲ್ಲ ಕಾರಿನ ಮೇಲೆ. ಹೋಬಳಿಯಲ್ಲಿ ಯಾರ ಮದುವೆಯಾದರೂ ಹೆಣ್ಣುಗಂಡು ಕೂರುತ್ತಿದ್ದುದು ಅದರಲ್ಲೇ. ಚೆಂಡುಹೂವು ಕಟ್ಟಿ, ಚಕ್ರದಡಿ ನಿಂಬೆಹಣ್ಣಿಟ್ಟು ಹೊರಟರೆ ಮದುಮಗನಿಗಿಂತ ಇವನೇ ಹೆಚ್ಚು ಮೀಸೆ ತಿರುವುತ್ತಿದ್ದ. ಮಣ್ಣುಗಾಲಲ್ಲಿ ಹತ್ತಿದವರು ಯಾರೇ ಆಗಲಿ, ಕೆಳಗಿಳಿಸಿ ಕಾಲು ತೊಳೆಸುತ್ತಿದ್ದ.

ತೊಂಬತ್ತಮೂರರಲ್ಲಿ ಸಿನಿಮಾದವರು ಬಂದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವಂಥ ಜನ. ಕಾಲೇಜು ಹುಡುಗನ ಪಾತ್ರಕ್ಕೆ ತಲೆಗೆ ಬಣ್ಣ ಹಚ್ಚಿದ ಮುದಿಯ! "ನಿಮ್ಮ ಕಾರೇ ನಮ್ಮ ಹೀರೋ" ಎಂದ ಡೈರೆಕ್ಟರು. ಅಷ್ಟಕ್ಕೇ ತಿಮ್ಮರಾಜು ಕರಗಿಹೋದ. ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ಅದೇ ಕಾರು ಬೆಳಗ್ಗೆ ಡಾಕ್ಟರದು, ಮಧ್ಯಾಹ್ನ ಕಳ್ಳರದು. ನಂಬರಿನ ಮೇಲೊಂದು ಕಾಗದ ಅಂಟಿಸಿದರೆ ಮುಗಿಯಿತು.

ಪಾಂಡವಪುರದ ಹತ್ತಿರ ಹೀರೋನ ಅಪ್ಪ ಸಾಯಬೇಕಾದ ದಿನ, ಅಪ್ಪನ ಪಾತ್ರದವನು ಊಟ ಸರಿಯಿಲ್ಲವೆಂದು ಬಸ್ಸು ಹತ್ತಿ ಹೋಗಿಬಿಟ್ಟಿದ್ದ. "ನೀವೇ ಸ್ವಲ್ಪ ಮಲಗ್ತೀರಾ?" ಎಂದ ಡೈರೆಕ್ಟರು. ಕಂಡವರ ಹೆಣ ತನ್ನ ಕಾರು ಹತ್ತುವುದಕ್ಕಿಂತ ತಾನೇ ಮಲಗುವುದು ಮೇಲೆಂದು ತಿಮ್ಮರಾಜು ಹಿಂದಿನ ಸೀಟಿನಲ್ಲಿ ಮಲಗಿದ. ಮುಖಕ್ಕೂ ಬಿಳಿ ಬಟ್ಟೆ ಎಳೆದರು. ಕಾರು ಓಡಿಸುತ್ತಿದ್ದವನು ಗೇರು ಕರಕರ ಎನ್ನಿಸಿದಾಗ ಹೆಣವೇ ಒಳಗಿಂದ, "ಕ್ಲಚ್ ತುಳಿಯಲೇ ಮುಠ್ಠಾಳ!" ಎಂದು ಬೈಯಿತು.

ಸಿನಿಮಾ ಕೆ.ಆರ್.ಪೇಟೆ ಟೆಂಟಿಗೆ ಬಂದಾಗ ಟ್ರಾಕ್ಟರಿನಲ್ಲಿ ಊರನ್ನೇ ಕರೆದೊಯ್ದ. ಕಾರು ಕಂಡೊಡನೆ ಸಿಳ್ಳೆಯೋ ಸಿಳ್ಳೆ. ಆಮೇಲೆ ಕಿಟಕಿಯಿಂದ ಹೆಣದ ಕಾಲು ಹೊರಚಾಚಿದ್ದು ಕಂಡಿತು. ಸಿಳ್ಳೆ ನಿಂತಿತು.

"ಥೂ, ಹೆಣ ಹೊತ್ತೈತಲ್ಲೋ ಕಾರು!" ಎಂದರು ಯಾರೋ.

"ಸಿನಿಮಾ ಕಣ್ರಲಾ ಅದು!" ಎಂದು ತಿಮ್ಮರಾಜು ಕೂಗಿದರೂ ಕೇಳುವವರಿಲ್ಲ. ಆ ಮುದಿಯನನ್ನು ಕಾಲೇಜು ಹುಡುಗನೆಂದು ಒಪ್ಪಿಕೊಂಡ ಮೂಢರು ಹೆಣವನ್ನೂ ಒಪ್ಪಿಕೊಂಡಿದ್ದರು. ಕಾರನ್ನು ಮದುವೆಗೆ ಕರೆಯುವುದು ನಿಂತೇ ಹೋಯಿತು. ಕಾಯಿಲೆಯಾದರೆ ಮಾತ್ರ ಆಸ್ಪತ್ರೆಗೆ ಅದೇ ಕಾರು ಬೇಕು, ಆಗ ಮೈಲಿಗೆ ಇಲ್ಲ! ಮಲಗಿದ್ದವನು ತಾನೇ ಎಂದು ಹೊರಗೆ ಬಾಯಿಬಿಟ್ಟರೆ ತನ್ನನ್ನೂ ದೂರ ಇಟ್ಟಾರೆಂದು, ಮಗಳು ಪ್ರಮೀಳಾಳಿಗೆ ಮಾತ್ರ ಹೇಳಿ ಸುಮ್ಮನಾದ.

ಎರಡು ವರ್ಷಕ್ಕೆ ಪ್ರಮೀಳಾಳ ಮದುವೆ ಗೊತ್ತಾಯಿತು. ಊರವರ ಹೆಣ್ಣುಮಕ್ಕಳೆಲ್ಲ ಕೂತುಹೋದ ಕಾರಿನಲ್ಲಿ ತನ್ನ ಮಗಳೂ ಹೋಗಬೇಕು, ತಿಮ್ಮರಾಜುವಿಗೆ ಇದ್ದದ್ದು ಅದೊಂದೇ ಆಸೆ. ಮುಹೂರ್ತದ ಹಿಂದಿನ ದಿನ ಗಂಡಿನ ಸೋದರಮಾವ ದೇವಯ್ಯ ಬಿಂಡಿಗನವಿಲೆಯಿಂದ ಹೆಣ್ಣು ಕರೆದೊಯ್ಯಲು ವ್ಯಾನಿನಲ್ಲಿ ಬಂದ. ಬಾಗಿಲಲ್ಲಿ ಹೂವು ಕಟ್ಟಿಸಿಕೊಂಡು ನಿಂತಿದ್ದ ಕಾರನ್ನು ನೋಡಿ ಮುಖ ಸಿಂಡರಿಸಿದ.

"ತಪ್ಪು ತಿಳ್ಕಬ್ಯಾಡಿ ಬೀಗ್ರೇ. ಇದ್ರಲ್ಲಿ ಹೆಣ್ಣು ನಮ್ಮೂರಿಗೆ ಬರಕೂಡ್ದು. ಇದು ಹೆಣ ಹೊತ್ತಿದ್ದುನ್ನ ಟೆಂಟಲ್ಲಿ ನಾನೇ ಕಣ್ಣಾರೆ ನೋಡಿವ್ನಿ."

ಲೋಕವನ್ನೆಲ್ಲ ಬೈಯುತ್ತಿದ್ದ ತಿಮ್ಮರಾಜು ತಲೆ ತಗ್ಗಿಸಿ ಹೂವು ಬಿಚ್ಚತೊಡಗಿದ.

ಅರಿಶಿನದ ಮೈಯಲ್ಲೇ ಪ್ರಮೀಳಾ ಹೊರಗೆ ಬಂದಳು.

"ಬಿಚ್ಬ್ಯಾಡ ಕಣಪ್ಪ. ದೇವಯ್ಯ ಮಾವ, ಆ ಬಟ್ಟೆ ಕೆಳ್ಗೆ ಹೆಣ ಆಗಿ ಮಲ್ಗಿದ್ದು ನಮ್ಮಪ್ಪನೇಯ. ಕಾರು ಬ್ಯಾಡ ಅಂದ್ರೆ, ನಾಳೆ ಧಾರೆ ಎರೆಯಾಕೆ ಅಪ್ಪನೂ ಬ್ಯಾಡ್ವಾ?"

ದೇವಯ್ಯ ತಿಮ್ಮರಾಜುವನ್ನು ನೋಡಿದ, ಕಾರನ್ನು ನೋಡಿದ. ಪ್ರಮೀಳಾ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತಳು. ತಿಮ್ಮರಾಜು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು ಸ್ಟೇರಿಂಗು ಹಿಡಿದ. ಇನ್ನೇನು ಮಾಡುವುದೆಂದು ದೇವಯ್ಯನೂ ಮುಂದಿನ ಸೀಟಿಗೆ ಹತ್ತಲು ಬಂದ.

"ಕಾಲು ತೊಳ್ಕಂಡ್ ಬನ್ನಿ, ಬೀಗ್ರೇ" ಎಂದ ತಿಮ್ಮರಾಜು.