ಹೂರಣದ ಪಕ್ಕದಲ್ಲಿಟ್ಟ ಮಣ್ಣು

ನಾವು ದೇಶ ಬಿಟ್ಟು ಮೆಟುಚೆನ್ ಊರಿಗೆ ಬಂದ ಹೊಸತರಲ್ಲಿ ಚಳಿಗಾಲ ಬಂತೆಂದರೆ ಗರಾಜೇ ನಮ್ಮ ಎರಡನೆಯ ಫ್ರಿಜ್. ಮನೆಗೆ ಜನ ಬರುವ ಹಿಂದಿನ ರಾತ್ರಿ ಕಟ್ಟಿನ ಸಾರಿನ ದೊಡ್ಡ ಪಾತ್ರೆಗೆ ಮುಚ್ಚಳ ಹಾಕಿ ಗರಾಜಿನ ನೆಲದ ಮೇಲೆ ಇಟ್ಟುಬಿಡುತ್ತಿದ್ದೆವು. ಬೆಳಿಗ್ಗೆ ಹೆಪ್ಪುಗಟ್ಟಿ ಅದಕ್ಕೆ ಸೌಟು ಇಳಿಯುತ್ತಿರಲಿಲ್ಲ. ನಮ್ಮವರೆಲ್ಲ ಹೀಗೇ ಮಾಡುತ್ತಿದ್ದರು, ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಆಮೇಲೊಂದು ಜನವರಿಯಲ್ಲಿ ಹಾಗೆ ಇಟ್ಟ ಪಾಯಸ ಹುಳಿಯಾಯಿತು. ಸಿಟ್ಟು ಬಂದು ಅದೇ ಗರಾಜಿಗೆ ಒಂದು ದೊಡ್ಡ ಫ್ರೀಜರ್ ತಂದಿಟ್ಟೆ.

ಆ ಫ್ರೀಜರ್ ಬಗ್ಗೆ ನನಗೆ ಸ್ವಲ್ಪ ಜಂಭವೇ ಇದೆ. ತುರಿದ ಕಾಯಿ, ಕರಿಬೇವು, ಚಪಾತಿ ಎಲ್ಲಕ್ಕೂ ಅದರಲ್ಲಿ ಜಾಗ ಗೊತ್ತು ಮಾಡಿದ್ದೇನೆ. ಬಿಡುವಿದ್ದಾಗ ಹೂರಣ ರುಬ್ಬಿ, ಉದ್ದನೆಯ ಉರುಳೆ ಮಾಡಿ, ಫಾಯಿಲ್‌ನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಇಡುತ್ತೇನೆ. ಚೀಲದ ಮೇಲೆ ಮಾರ್ಕರ್‌ನಲ್ಲಿ ತಿಂಗಳು, ವರ್ಷ. ಹೋಳಿಗೆ ಬೇಕೆಂದಾಗ ಒಂದನ್ನು ತೆಗೆದು ಹೊರಗಿಟ್ಟರೆ ಆಯಿತು.

ಕಳೆದ ಜನವರಿಯಲ್ಲಿ ಮಗಳು ಅದರಲ್ಲಿ ಒಂದು ಮೂಲೆ ಕೇಳಿದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಓದುತ್ತಿರುವುದು ಮಣ್ಣಿನ ವಿಜ್ಞಾನ. ಬೇಸಿಗೆ ಬಂದರೆ ಅಲಾಸ್ಕಾದ ಉತ್ತರ ತುದಿಗೆ ಹೋಗುತ್ತಾಳೆ. ಅಲ್ಲಿ ಮರಗಳಿಲ್ಲದ ಬಯಲು, ಟಂಡ್ರಾ. ಮೇಲೆ ಪಾಚಿ, ಹುಲ್ಲು. ಕೆಳಗೆ ಸಾವಿರಾರು ವರ್ಷಗಳಿಂದ ಕರಗದ ನೆಲ. ಆ ನೆಲವನ್ನು ಕೊರೆದು ಮಣ್ಣಿನ ಉರುಳೆಗಳನ್ನು ತೆಗೆದು, ಹೆಪ್ಪುಗಟ್ಟಿದಂತೆಯೇ ಇಲ್ಲಿಗೆ ತರುತ್ತಾಳೆ. ಅವಳ ಲ್ಯಾಬಿನ ಕಟ್ಟಡದಲ್ಲಿ ರಿಪೇರಿ ನಡೆದಿತ್ತು. ಅದು ಮುಗಿಯುವವರೆಗೆ ಮೂರು ಉರುಳೆಗಳನ್ನು ನಮ್ಮಲ್ಲಿ ಇಡಬಹುದೇ ಎಂದಳು. ನನ್ನ ಹೂರಣದ ಪಕ್ಕದಲ್ಲಿ ಮಣ್ಣೇ ಎಂದು ಗೊಣಗಿದೆ. ಗೊಣಗಿಕೊಂಡೇ ಜಾಗ ಮಾಡಿಕೊಟ್ಟೆ. ಅವಳ ಉರುಳೆಗಳೂ ಫಾಯಿಲ್‌ನಲ್ಲಿದ್ದವು, ಪ್ಲಾಸ್ಟಿಕ್ ಚೀಲದಲ್ಲಿದ್ದವು, ಮೇಲೆ ಮಾರ್ಕರ್‌ನ ಅಕ್ಷರ, ಅಂಕಿ. ನನ್ನಿಂದಲೇ ಕಲಿತದ್ದು ಎಂದು ಒಳಗೊಳಗೇ ಹಿಗ್ಗಿದ್ದೆ.

ಆಗ ಧಾರವಾಡದಿಂದ ನನ್ನ ಅಕ್ಕ ಬಂದಿದ್ದಳು. ಒಂದು ಶನಿವಾರ ಮಗಳು ಟ್ರೇನಿನಲ್ಲಿ ಬರುವವಳಿದ್ದಳು. ನಾನು ಸ್ಟೇಷನ್ನಿಗೆ ಹೋದೆ. ಟ್ರೇನು ಎಂದಿನಂತೆ ತಡ. ಇಬ್ಬರೂ ಮನೆ ಸೇರಿದಾಗ ಅಡಿಗೆಮನೆಯಲ್ಲಿ ಕೆರೆ ಬತ್ತಿದಾಗ ಬರುವಂಥ ವಾಸನೆ. ಅಕ್ಕ ಕಣಕ ನಾದಿ, ಎಣ್ಣೆ ಸವರಿ ಇಟ್ಟಿದ್ದಳು. ಒಲೆಯ ಮೇಲೆ ಬಿಸಿನೀರಿನ ಪಾತ್ರೆ, ಅದರ ಮೇಲೆ ತಾಟು, ತಾಟಿನಲ್ಲಿ ಬಿಚ್ಚಿದ ಫಾಯಿಲ್, ಅದರೊಳಗೆ ಕಪ್ಪು ರಾಡಿ.

"ನಿನ್ನ ಹೂರ್ಣ ಕೆಟ್ಟೈತಿ ನೋಡವಾ," ಎಂದಳು ಅಕ್ಕ. "ಫ್ರೀಜರ್‌ನ್ಯಾಗ ಇಟ್ರೂ ಕೆಡ್ತದ ಅಂದ್ರ ಏನ್ ಉಪಯೋಗ ಅದು?"

ಮಗಳು ಕೋಟು ಬಿಚ್ಚಲಿಲ್ಲ. ತಾಟಿನ ಮುಂದೆ ನಿಂತು ಚೀಲದ ಮೇಲಿನ ಅಕ್ಷರ ಓದಿದಳು. ಅಕ್ಕನಿಗೆ ವಿಷಯ ಹೇಳಿದೆ. ಅವಳು ಎರಡೂ ಕೈಗಳನ್ನು ಸೀರೆಗೆ ಒರೆಸಿಕೊಂಡಳು. ಒರೆಸುತ್ತಲೇ ಇದ್ದಳು.

"ಮತ್ತ ಫ್ರೀಜರ್‌ಗೆ ಇಟ್ರ?"

ಉತ್ತರ ನನಗೇ ಗೊತ್ತಿತ್ತು. ಔಷಧಿ ಕಂಪನಿಯಲ್ಲಿ ಗುಣಮಟ್ಟ ನೋಡುವವಳು ನಾನು. ಬೆಚ್ಚಗಾದ ಲಸಿಕೆಯನ್ನು ಮತ್ತೆ ತಣ್ಣಗೆ ಮಾಡಿ ಕಳಿಸಲಾಗುವುದಿಲ್ಲ, ಎಸೆಯಬೇಕು.

"ನೋ, ದೊಡ್ಡವ್ವ," ಎಂದಳು ಮಗಳು. "ಒಮ್ಮೆ ಥಾ ಆಗಿ ಕರಗಿದ್ರೆ ಇಟ್ಸ್ ಡನ್. ಒಳಗಿನ ಬ್ಯಾಕ್ಟೀರಿಯಾ ಎದ್ದುಬಿಡ್ತಾವೆ. ಆ ಸ್ಮೆಲ್ ಅದೇ."

ಅವಳು ಕೂಗಾಡಿದ್ದರೆ ಒಳ್ಳೆಯದಿತ್ತು ಅನ್ನಿಸಿತು. ಒಂದು ಚಮಚ ತಂದು ರಾಡಿಯಿಂದ ಕೂದಲೆಳೆಯಂಥ ಬೇರುಗಳನ್ನು ಎತ್ತಿ ಅಕ್ಕನಿಗೆ ತೋರಿಸಿದಳು. ಎಷ್ಟೋ ಕಾಲದ ಹಿಂದಿನ ಹುಲ್ಲು. ಚಳಿಯಲ್ಲಿ ಕೊಳೆಯದೆ ಹಾಗೇ ಉಳಿದದ್ದು. ಈಗ ಅಲ್ಲಿ ಸೆಕೆ ಹೆಚ್ಚಿ, ಮೊದಲು ಕುಳ್ಳಗಿದ್ದ ಪೊದೆಗಳೆಲ್ಲ ಅವಳ ತಲೆಗಿಂತ ಎತ್ತರ ಬೆಳೆದಿವೆಯಂತೆ. ಪೊದೆಯ ಬುಡದಲ್ಲಿ ಹಿಮ ದಪ್ಪಗೆ ನಿಲ್ಲುತ್ತದೆ. ಹಿಮ ನೆಲಕ್ಕೆ ಕೌದಿ ಹೊದಿಸಿದ ಹಾಗಂತೆ, ಚಳಿಗಾಲದ ಚಳಿ ಕೆಳಗಿಳಿಯುವುದಿಲ್ಲ. ನೆಲ ಕರಗುತ್ತದೆ, ಹಳೆಯ ಬೇರುಗಳು ಕೊಳೆಯುತ್ತವೆ. ಅದರಿಂದ ಎದ್ದ ಅನಿಲ ಗಾಳಿಯನ್ನು ಇನ್ನಷ್ಟು ಬಿಸಿ ಮಾಡುತ್ತದೆ. ಇದನ್ನೆಲ್ಲ ಅವಳು ಮೊದಲೂ ಹೇಳಿದ್ದಳು, ನಾನು ಹೂಂಗುಟ್ಟಿದ್ದೆ. ನಮ್ಮ ಒಲೆಯ ಮೇಲೆ ನೋಡಿದಾಗ ಅರ್ಥವಾಯಿತು.

"ಮತ್ತ ಹೋಗಿ ಇನ್ನೊಂದು ತರಾಕ ಬರೂದಿಲ್ಲೇನು?" ಅಕ್ಕ ಕೇಳಿದಳು. "ಟಿಕೇಟು ನಾ ಕೊಡ್ತೀನಿ."

"ಆ ಜಾಗಾನೇ ಇಲ್ಲ, ದೊಡ್ಡವ್ವ. ನಾವು ಕೊರೆದ ದಿಬ್ಬ ಕರಗಿ ಜಾರಿ ಕೆರೆಗೆ ಬಿತ್ತು. ಲಾಸ್ಟ್ ಸಮರ್ ಹೋದಾಗ ನಾವು ನಿಂತಿದ್ದ ಕಡೆ ನೀರಿತ್ತು. ಆ ಜಾಗದ್ದು ಈಗ ಇರೋದು ಅಂದ್ರೆ ನಮ್ಮ ಗರಾಜಿನಲ್ಲಿರೋ ಈ ಮೂರೇ." ಆಮೇಲೆ ತಿದ್ದಿದಳು. "ಎರಡು."

ನನಗೆ ಅಳು ಬಂತು. ಅಕ್ಕನ ಮೇಲೆ ಸಿಟ್ಟು ಬಂದಿದ್ದರೆ ಸುಲಭವಿತ್ತು. ಹೋಳಿಗೆ ಮಾಡಿ ಮಗುವಿಗೆ ತಿನ್ನಿಸಬೇಕೆಂದವಳ ಮೇಲೆ ಹೇಗೆ ಸಿಟ್ಟು ಮಾಡುವುದು?

ಮಗಳು ರಾಡಿಯನ್ನು ಡಬ್ಬಿಗೆ ತುಂಬಿದಳು. ಅಷ್ಟರಲ್ಲಿ ಅಕ್ಕ ಗರಾಜಿಗೆ ಹೋಗಿದ್ದಳು. ನಾವು ಹೋಗಿ ನೋಡಿದರೆ ಫ್ರೀಜರ್‌ನಿಂದ ನನ್ನ ಹೂರಣ, ಕಾಯಿತುರಿ, ಚಪಾತಿ ಎಲ್ಲವನ್ನೂ ತೆಗೆದು ನೆಲದ ಮೇಲೆ ಸಾಲಾಗಿ ಇಡುತ್ತಿದ್ದಳು.

"ಆ ಮಣ್ಣಿನ ಮಗ್ಗಲ ಇನ್ನೇನೂ ಇಡಬ್ಯಾಡ್ರಿ. ತಿನ್ನೂದಿದ್ರ ಯಾರರೆ ಕೈ ಹಾಕ್ತಾರ. ಇವು ಇಲ್ಲೇ ನೆಲದ ಮ್ಯಾಲ ಇರಲಿ. ಜನವರಿ ಅಲ್ಲೇನು, ನೀವು ಮೊದಲ ಹಂಗ ಇಡ್ತಿದ್ರೆಲ್ಲ?"

ಗರಾಜಿನ ಬಾಗಿಲು ಎತ್ತಿದೆ. ಹೊರಗೆ ಮಳೆ ಹನಿಯುತ್ತಿತ್ತು. ಚಪ್ಪಲಿ ಹಾಕಿಕೊಂಡು, ಸ್ವೆಟರ್ ಇಲ್ಲದೆ ನಿಂತಿದ್ದೆ, ಚಳಿ ಅನ್ನಿಸಲಿಲ್ಲ. ಇಲ್ಲಿಟ್ಟರೆ ಕೆಡುತ್ತದೆ ಎಂದೆ. ಅಕ್ಕನಿಗೆ ನಂಬಿಕೆ ಬರಲಿಲ್ಲ, ತಾನೇ ಬಂದು ಹೊರಗೆ ಕೈ ಚಾಚಿ ನೋಡಿದಳು.

ಕಾಯಿತುರಿ, ಚಪಾತಿ ಒಳಗಿನ ಫ್ರಿಜ್‌ನಲ್ಲಿ ಹೇಗೋ ಹಿಡಿದವು, ಹೂರಣಕ್ಕೆ ಉಳಿದದ್ದು ಒಂದೇ ದಾರಿ. ಅಕ್ಕಪಕ್ಕದ ನಮ್ಮವರಿಗೆಲ್ಲ ಫೋನ್ ಮಾಡಿ ಕರೆದೆ. ಹೂರಣ ಅಷ್ಟನ್ನೂ ಕರಗಿಸಿ ಅಂದೇ ಹೋಳಿಗೆ ಮಾಡಿದೆವು. ಅಕ್ಕ ಲಟ್ಟಿಸಿದಳು, ಮಗಳು ಬೇಯಿಸಿದಳು. ಬಂದವರು ಏನು ವಿಶೇಷ ಎಂದು ಕೇಳಿದರು, ಫ್ರೀಜರ್ ಖಾಲಿ ಮಾಡಬೇಕಿತ್ತು ಎಂದೆ.

ಎಲ್ಲರೂ ಹೋದ ಮೇಲೆ ಅಕ್ಕ ತುಪ್ಪದ ಕೈ ತೊಳೆದುಕೊಂಡು ಗರಾಜಿಗೆ ಹೋದಳು. ಫ್ರೀಜರ್ ತೆರೆದು, ತಳದಲ್ಲಿದ್ದ ಎರಡು ಉರುಳೆಗಳನ್ನು ಒಂದೇ ಬೆರಳಿನಿಂದ ಒತ್ತಿ ನೋಡಿ, ಬೇಗ ಮುಚ್ಚಳ ಹಾಕಿದಳು.

"ಇನ್ನೂ ಗಟ್ಟಿ ಅದಾವ," ಎಂದಳು.