ಆಪಾ ಕೇಳಿದ್ದು ಒಂದೇ ಸಾಲು

ಕಾಲು ಜೋಮು ಹಿಡಿಯುತ್ತದೆ ಎಂದು ಹೋದಾಗ ಚಿಕ್ಕಬಳ್ಳಾಪುರದ ಡಾಕ್ಟರು ಬಿ-ಕಾಂಪ್ಲೆಕ್ಸ್ ಮಾತ್ರೆ ಬರೆದುಕೊಟ್ಟರು. ಮನೆಗೆ ಬಂದು ಡಬ್ಬಿಯ ಮುಚ್ಚಳ ತಿರುಗಿಸಿದೆ. ಹುಳಿ ಬಂದ ಹಿಟ್ಟಿಗೆ ಔಷಧದ ಘಾಟು ಸೇರಿದಂಥ ವಾಸನೆ. ಹೆಂಡತಿ ಮೂಗು ಮುಚ್ಚಿಕೊಂಡು ಆಚೆ ಹೋದಳು. ನನಗದು ಹೊಸದಲ್ಲ. ಹನ್ನೊಂದು ವರ್ಷ ನನ್ನ ಅಂಗಿಗೆ, ಕೂದಲಿಗೆ, ಬೆರಳಿನ ಸಂದಿಗೆ ಅಂಟಿಕೊಂಡಿದ್ದ ವಾಸನೆ ಅದು. ಅದರ ಹಿಂದೆಯೇ ಗೌರಿಬಿದನೂರಿನ ಆ ಇಕ್ಕಟ್ಟು ಬೀದಿ, ಎದುರುಮನೆಯ ಜಗಲಿ, ಜಗಲಿಯ ಮೇಲೆ ಕಾಗದ ಹರಡಿಕೊಂಡು ಕೂತ ಆಪಾ...

ನಾನಾಗ ಕುಡುಮಲಕುಂಟೆ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿ ಕೆಮಿಸ್ಟ್ ಆಗಿದ್ದೆ. ವಿಟಮಿನ್ ಮಾತ್ರೆ, ಪ್ರೋಟೀನ್ ಪುಡಿ, ಕಬ್ಬಿಣಾಂಶದ ಸಿರಪ್ಪು ಅಲ್ಲಿ ತಯಾರಾಗುತ್ತಿದ್ದವು. ನನ್ನೂರು ಪೆರೇಸಂದ್ರದ ಆಚೆ. ದಿನಾ ಓಡಾಡಲು ದೂರವೆಂದು ಗೌರಿಬಿದನೂರಿನಲ್ಲಿ ಕೋಣೆ ಹಿಡಿದಿದ್ದೆ. ಎದುರುಮನೆಯವರು ಆಪಾ. ಹಾಗೆಂದರೆ ಅಕ್ಕ. ಅವರಿಗಿಂತ ದೊಡ್ಡವರೂ ಅವರನ್ನು ಹಾಗೇ ಕರೆಯುತ್ತಿದ್ದರು.

ತಾಲ್ಲೂಕು ಕಚೇರಿಯಲ್ಲಿ ಅರ್ಜಿಗಳನ್ನು ತೆಗೆದುಕೊಳ್ಳುವ ಮೇಜಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ತೀರಿಕೊಂಡ ತಂಗಿಯ ಮಗಳನ್ನು ಸಾಕಿಕೊಂಡಿದ್ದರು. ಬೀದಿಯ ಜನ ಪಿಂಚಣಿಗೋ ನಲ್ಲಿ ಸಂಪರ್ಕಕ್ಕೋ ಅರ್ಜಿ ಬರೆಸಿಕೊಳ್ಳಲು ಅವರ ಜಗಲಿಗೇ ಬರುತ್ತಿದ್ದರು. ಅವರದು ದುಂಡನೆಯ, ಒಂದಕ್ಕೊಂದು ತಾಗದ ಅಕ್ಷರ. ಒಮ್ಮೆ ನನ್ನ ಗ್ಯಾಸ್ ಸಂಪರ್ಕದ ಅರ್ಜಿ ನೋಡಿ, ಸ್ವೀಕೃತಿಯ ಸಂಖ್ಯೆ ಹಾಕಿಸಿಕೊಳ್ಳದೆ ಬಂದೆಯಲ್ಲ ಎಂದು ಬೈದಿದ್ದರು. "ಅರ್ಜಿಗೆ ನಂಬರ್ ಬೀಳ್ಬೇಕು ಕಣಪ್ಪ. ನಂಬರ್ ಬಿದ್ಮೇಲೆ ಅದನ್ನ ಮಲಗಿಸ್ಬೋದು, ಸಾಯಿಸಕ್ಕಾಗಲ್ಲ."

ಹುಡುಗಿ ಆಗ ಒಂಬತ್ತನೆಯ ತರಗತಿ. ಎಡಗಿವಿಗೆ ಶ್ರವಣ ಯಂತ್ರ ಹಾಕುತ್ತಿದ್ದಳು. ಮಿಕ್ಕಂತೆ ಎಲ್ಲ ಮಕ್ಕಳಂತೆಯೇ. ಆದರೆ ಕೆಲವು ತಿಂಗಳ ಕೂಸಾಗಿದ್ದಾಗ ಅವಳಿಗೆ ಮೇಲಿಂದ ಮೇಲೆ ಫಿಟ್ಸ್ ಬಂದು, ಕೂದಲು ಉದುರಿ, ಚರ್ಮ ಕೆಂಪಗೆ ಸುಲಿದುಹೋಗಿತ್ತಂತೆ. ಊರೂರು ಅಲೆದ ಮೇಲೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕಾಯಿಲೆ ಯಾವುದೆಂದು ಗೊತ್ತಾಯಿತು. ಎಲ್ಲರಿಗೂ ಊಟದಲ್ಲೇ ಸಿಗುವ ಬಯೋಟಿನ್ ಎಂಬ ವಿಟಮಿನ್ ಅವಳ ಮೈಗೆ ದಕ್ಕುತ್ತಿರಲಿಲ್ಲ. ಹುಟ್ಟಿನಿಂದಲೇ ಹಾಗೆ. ಮಾತ್ರೆ ಶುರುಮಾಡಿದ ಕೆಲವೇ ದಿನಗಳಲ್ಲಿ ಫಿಟ್ಸ್ ನಿಂತಿತು, ಆದರೆ ಅಷ್ಟರೊಳಗೆ ಎಡಗಿವಿ ಮಂದವಾಗಿತ್ತು. ದಿನಕ್ಕೊಂದು ಮಾತ್ರೆ, ಬದುಕಿರುವವರೆಗೂ. ತಪ್ಪಿಸುವಂತಿರಲಿಲ್ಲ.

ಆ ಮಾತ್ರೆ ಕಾನೂನಿನ ಲೆಕ್ಕದಲ್ಲಿ ಔಷಧವಲ್ಲ, ಆಹಾರ. ಪೂರಕ ಆಹಾರ ಎನ್ನುತ್ತಾರೆ. ಕೂದಲು ಚೆನ್ನಾಗಿ ಬೆಳೆಯಲಿ ಎಂದು ನುಂಗುವವರಿಗಾಗಿ ಮಾಡಿದ ಮಾತ್ರೆಯನ್ನೇ ಈ ಹುಡುಗಿ ಜೀವ ಉಳಿಸಿಕೊಳ್ಳಲು ನುಂಗುತ್ತಿದ್ದಳು. ಇದನ್ನು ಆಪಾಗೆ ಬಿಡಿಸಿ ಹೇಳಿದವನು ನಾನೇ. ಮುಂದಿನದೆಲ್ಲ ಶುರುವಾದದ್ದೂ ನನ್ನ ಒಂದು ಉಡಾಫೆಯ ಮಾತಿನಿಂದ.

ಒಂದು ಭಾನುವಾರ ಅವರ ಜಗಲಿಯಲ್ಲಿ ಕೂತು ಕಾರ್ಖಾನೆಯ ಸುದ್ದಿ ಹೇಳುತ್ತಿದ್ದೆ. ದೇಶಕ್ಕೊಂದು ನಿಯಮವಿದ್ದ ಕಾಲ ಮುಗಿಯಿತು, ಪೂರಕ ಆಹಾರದಲ್ಲಿ ಯಾವ ವಿಟಮಿನ್ ಎಷ್ಟಿರಬೇಕೆಂಬುದನ್ನು ಅಂತಾರಾಷ್ಟ್ರೀಯ ಮಾನದಂಡಕ್ಕೆ ಹೊಂದಿಸುತ್ತಾರಂತೆ, ದೆಹಲಿಯಿಂದ ಕರಡು ನಿಯಮ ಬಂದಿದೆ, ಇನ್ನು ಇಲ್ಲಿ ಮಾಡಿದ ಡಬ್ಬಿಯನ್ನೇ ಹೊರದೇಶಕ್ಕೂ ಕಳಿಸಬಹುದು ಎಂದು. ನಮ್ಮಲ್ಲಿ ಎಲ್ಲರೂ ಅದೇ ಹುರುಪಿನಲ್ಲಿದ್ದರು. ಆಪಾ ಅವರೆಕಾಯಿ ಸುಲಿಯುತ್ತ ಕೇಳುತ್ತಿದ್ದರು. ನಮ್ಮ ಹುಡುಗಿಯ ಮಾತ್ರೆಯೂ ಅದರಲ್ಲಿದೆಯೇ ಎಂದರು. ಇದೆ, ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಇರಬಾರದೆಂಬ ಮಿತಿಯೂ ಇದೆ ಎಂದೆ. ಹೇಳಿದ ಮೇಲೆಯೇ ನನಗೆ ಹೊಳೆದದ್ದು. ಅವಳ ಒಂದು ದಿನದ ಮಾತ್ರೆ ಆ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚಿನದು.

ಅವರ ಕೈ ನಿಂತಿತು. "ಆ ಕಾಗ್ದ ತಂದ್ಕೊಡು," ಎಂದರು, ಅಷ್ಟೆ.

ಮಾರನೆಯ ದಿನ ಕರಡಿನ ಪ್ರತಿ ತಂದುಕೊಟ್ಟೆ. ನಿಘಂಟು ಪಕ್ಕಕ್ಕಿಟ್ಟುಕೊಂಡು ವಾರವಿಡೀ ಓದಿದರು. ಅರ್ಥವಾಗದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆದು, ನಾನು ಕೆಲಸದಿಂದ ಬಂದ ಕೂಡಲೇ ಕೇಳುತ್ತಿದ್ದರು. ಕೊನೆಯ ಪುಟದಲ್ಲಿ, ಆಕ್ಷೇಪಣೆ ಇರುವ ಸಾರ್ವಜನಿಕರು ಎರಡು ತಿಂಗಳೊಳಗೆ ಬರೆಯಬಹುದು ಎಂದಿತ್ತು. ಅದನ್ನು ನನಗೇ ಓದಿ ಹೇಳಿದರು. ಇದು ಮೊದಲ ಪುಟದಲ್ಲಿ ಇರಬೇಕಾಗಿತ್ತು ಎಂದರು.

ಆಮೇಲಿನ ಎರಡು ತಿಂಗಳು ಆಪಾ ಮನೆಯಲ್ಲಿ ನಿಂತದ್ದು ಕಡಿಮೆ. ಹುಡುಗಿಯನ್ನು ತೋರಿಸುತ್ತಿದ್ದ ಬೆಂಗಳೂರಿನ ಡಾಕ್ಟರನ್ನು ಕಂಡು, ಇದೇ ಮಾತ್ರೆ ನುಂಗುವ ಇತರ ಮನೆಯವರಿಗೆ ತಮ್ಮ ಫೋನ್ ನಂಬರ್ ಮುಟ್ಟಿಸಲು ಕೇಳಿಕೊಂಡರು. ಈ ಕಡೆಯ ಮೂರು ಮನೆಗಳಿಂದ ಫೋನ್ ಬಂತು. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವವರ ಮನೆಯಲ್ಲೊಂದು ಮಗು, ಮಂಡಿಕಲ್ ಹತ್ತಿರದ ಹಳ್ಳಿಯ ಒಕ್ಕಲಿನ ಮನೆಯಲ್ಲೊಂದು, ಚಿಂತಾಮಣಿಯಲ್ಲೊಂದು. ಬಸ್ಸು ಹತ್ತಿ ಮೂರೂ ಕಡೆ ಹೋಗಿ ಬಂದರು. ಶಿಡ್ಲಘಟ್ಟದಲ್ಲಿ ಸಹಿ ಎಂದ ಕೂಡಲೇ ರೇಷನ್ ಕಾರ್ಡು ರದ್ದು ಮಾಡಲು ಬಂದವರೆಂದು ಬಾಗಿಲು ಹಾಕಿಕೊಂಡರಂತೆ. ಎರಡನೆಯ ಸಲ ಹುಡುಗಿಯನ್ನೇ ಜೊತೆಗೆ ಕರೆದುಕೊಂಡು ಹೋದರು. ಅವಳು ತನ್ನ ಮಾತ್ರೆಯ ಸ್ಟ್ರಿಪ್ಪು ತೆಗೆದು ತೋರಿಸಿದಳು. ಆ ಮನೆಯ ತಾಯಿ ಒಳಗೆ ಹೋಗಿ ಅಂಥದೇ ಸ್ಟ್ರಿಪ್ಪು ತಂದು ಪಕ್ಕದಲ್ಲಿಟ್ಟಳಂತೆ. ಮಂಡಿಕಲ್ಲಿನ ಮನೆಯ ಮುದುಕಿ ಹೆಬ್ಬೆಟ್ಟು ಒತ್ತುವ ಮೊದಲು ತೆಲುಗಿನಲ್ಲಿ ಒಂದೇ ಪ್ರಶ್ನೆ ಕೇಳಿದರಂತೆ, ದೆಹಲಿಯವರಿಗೆ ನಮ್ಮ ಮಗು ಇರುವುದು ಗೊತ್ತೇ ಎಂದು. ಗೊತ್ತಿಲ್ಲ, ಅದಕ್ಕೇ ಬರೆಯುತ್ತಿರುವುದು ಎಂದರಂತೆ ಆಪಾ.

ಆ ದಿನಗಳಲ್ಲಿ ಚಿಕ್ಕಬಳ್ಳಾಪುರದಲ್ಲಿ ಒಂದು ಸಭೆ ಏರ್ಪಾಡಾಗಿತ್ತು. ಕರಡನ್ನು ಪೂರಾ ಸುಟ್ಟುಹಾಕಬೇಕು, ಇದು ವಿದೇಶಿ ಕಂಪನಿಗಳ ಸಂಚು ಎನ್ನುವವರ ಸಭೆ. ಅದನ್ನು ನಡೆಸುವವರು ಆಪಾ ಅವರ ವಿಷಯ ಯಾರಿಂದಲೋ ತಿಳಿದು, ಹುಡುಗಿಯನ್ನು ವೇದಿಕೆಯ ಮೇಲೆ ನಿಲ್ಲಿಸಿ ಮಾತಾಡಿ ಎಂದು ಕರೆಯಲು ಬಂದರು. ನಾನೂ ಆಗ ಜಗಲಿಯಲ್ಲಿದ್ದೆ. ಬಂದವರಿಗೆ ಚಹಾ ಕೊಟ್ಟು ಆಪಾ ಹೇಳಿದರು, "ಕಲಬೆರಕೆ ಮಾಡೋರಿಗೆ ನಿಯಮ ಬೇಕೇ ಬೇಕು. ನಂಗೆ ಜಗಳ ಬೇಡ, ಮಾತ್ರೆ ಬೇಕು."

ಅವರು ಕೇಳಿದ್ದು ಒಂದೇ ಸಾಲು. ವೈದ್ಯರ ಲಿಖಿತ ಸಲಹೆ ಇದ್ದಲ್ಲಿ ಈ ಮಿತಿ ಅನ್ವಯಿಸುವುದಿಲ್ಲ ಎಂದು ಮಿತಿಗಳ ಪಟ್ಟಿಯ ಕೆಳಗೆ ಸೇರಿಸಬೇಕು. ಅದೇ ಸಾಲನ್ನು ಹೊರದೇಶದಲ್ಲಿರುವ ಮಾನದಂಡದ ಸಮಿತಿಗೂ ಬರೆದರು. ನಿಮ್ಮ ದೇಶದ ಪ್ರತಿನಿಧಿಗಳ ಮೂಲಕವೇ ಬನ್ನಿ ಎಂದು ಅಲ್ಲಿಂದ ಎರಡು ಸಾಲಿನ ಮರ್ಯಾದೆಯ ಉತ್ತರ ಬಂತು. ಆಪಾ ಅದಕ್ಕೂ ಒಂದು ನಂಬರ್ ಕೊಟ್ಟು ಕಡತಕ್ಕೆ ಸೇರಿಸಿದರು.

ದೆಹಲಿಯ ಅರ್ಜಿಗೆ ವಿಜ್ಞಾನದ ಒಂದು ಪ್ಯಾರಾ ಬೇಕಾಗಿತ್ತು. ಈ ವಿಟಮಿನ್ ಹೆಚ್ಚಾದರೆ ಮೈಯಿಂದ ಹೊರಗೆ ಹೋಗುತ್ತದೆ, ಈ ಮಕ್ಕಳಿಗೆ ಮಿತಿಯ ಪ್ರಮಾಣ ಸಾಲದು, ಮಾತ್ರೆ ನಿಂತರೆ ಏನಾಗುತ್ತದೆ ಎಂಬುದನ್ನೆಲ್ಲ ಬರೆಯಬೇಕು. ನಾನು ಬರೆದುಕೊಟ್ಟೆ. ಚೆನ್ನಾಗಿಯೇ ಬರೆದೆ. ಕೆಳಗೆ ನಿನ್ನ ಸಹಿ ಹಾಕು, ಕೆಮಿಸ್ಟ್ ಎಂದಿದ್ದರೆ ಅರ್ಜಿಗೆ ತೂಕ ಬರುತ್ತದೆ ಎಂದರು. ನಾಳೆ ಹಾಕುತ್ತೇನೆ ಎಂದೆ.

ಆ ನಾಳೆ ಕಾರ್ಖಾನೆಯಲ್ಲಿ ಬೇರೆಯೇ ಕಾಗದ ಕಾದಿತ್ತು. ಪರೀಕ್ಷಾ ಕೊಠಡಿಯ ನಮಗೆಲ್ಲ ಒಂದೊಂದು ಪತ್ರ ಅಚ್ಚು ಹಾಕಿಸಿ ಇಟ್ಟಿದ್ದರು. ಒಬ್ಬ ನಾಗರಿಕನಾಗಿ ನಾನು ಈ ಕರಡನ್ನು ಯಾವ ಬದಲಾವಣೆಯೂ ಇಲ್ಲದೆ ಬೆಂಬಲಿಸುತ್ತೇನೆ ಎಂದು. ಬದಲಾವಣೆ ಎಂದು ಶುರುವಾದರೆ ನಿಯಮ ಇನ್ನೆರಡು ವರ್ಷ ತಡವಾಗುತ್ತದೆ ಎಂಬುದು ಮೇಲಿನವರ ಯೋಚನೆ. ಯಾರೂ ಬಲವಂತ ಮಾಡಲಿಲ್ಲ. ಪೆನ್ನು ಮೇಜಿನ ಮೇಲಿತ್ತು, ಸಾಲಿನಲ್ಲಿ ನಾನು ನಾಲ್ಕನೆಯವನು. ಹಾಕಿದೆ.

ಇದನ್ನು ಆಪಾಗೆ ಹೇಳಲಿಲ್ಲ. ಅವರ ಅರ್ಜಿಗೆ ಸಹಿಯನ್ನೂ ಹಾಕಲಿಲ್ಲ. ಎರಡು ಸಲ ಕೇಳಿದರು. ಒಮ್ಮೆ ಓವರ್‌ಟೈಮ್ ಎಂದೆ, ಒಮ್ಮೆ ಊರಿಗೆ ಹೊರಟಿದ್ದೇನೆ ಎಂದೆ. ಮೂರನೆಯ ಸಲ ಅವರು ಕೇಳಲಿಲ್ಲ. ನನ್ನ ಪ್ಯಾರಾವನ್ನು ಹೆಸರಿಲ್ಲದೆ ಸೇರಿಸಿ, ಗಡುವಿಗೆ ನಾಲ್ಕು ದಿನ ಮೊದಲೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರು. ಹುಡುಗಿ ಅದನ್ನೇ ಕಂಪ್ಯೂಟರಿನಲ್ಲೂ ಕಳಿಸಿದಳು.

ಕೆಲವು ತಿಂಗಳಾದ ಮೇಲೆ ದೆಹಲಿಯವರು, ಬಂದ ಅಭಿಪ್ರಾಯಗಳನ್ನೆಲ್ಲ ಪಟ್ಟಿ ಮಾಡಿ ಅಂತರ್ಜಾಲದಲ್ಲಿ ಹಾಕಿದರು. ಯಾರ ಹೆಸರು, ಏನು ಹೇಳಿದ್ದಾರೆ ಎಂದು ಸಾಲುಸಾಲಾಗಿ. ಹಾಗೊಂದು ಪಟ್ಟಿ ಬರುತ್ತದೆಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅಷ್ಟುದ್ದದ ಪಟ್ಟಿಯನ್ನು ಯಾರು ಓದುತ್ತಾರೆ ಎಂದುಕೊಳ್ಳುತ್ತಿದ್ದೆನೇನೋ... ಅರ್ಜಿಗಳ ನಡುವೆಯೇ ಮೂವತ್ತು ವರ್ಷ ಕಳೆದವರು ಎದುರುಮನೆಯಲ್ಲಿದ್ದರು.

ನಾನು ಕೆಲಸಕ್ಕೆ ಹೊರಟಿದ್ದಾಗ ಜಗಲಿಯಿಂದ ಕರೆದರು. ಮುಖ ಎಂದಿನಂತೆಯೇ ಇತ್ತು. "ಆ ಲಿಸ್ಟಲ್ಲಿ ನಿನ್ ಹೆಸ್ರು ಸ್ಪೆಲಿಂಗ್ ತಪ್ಪು ಹಾಕಿದಾರೆ ಕಣಪ್ಪ. ಬರ್ದು ತಿದ್ದಿಸ್ಕೊ. ಕಡತದಲ್ಲಿ ತಪ್ಪು ಹೋದ್ರೆ ಹಂಗೇ ಉಳ್ಕೊಳುತ್ತೆ."

ಸರಿ ಆಪಾ ಎಂದೆ. ಕಾರ್ಖಾನೆಯ ವ್ಯಾನು ಬಂತು, ಹತ್ತಿದೆ.

ಅಂತಿಮ ನಿಯಮ ಬಂದಾಗ ಮಿತಿ ಹಾಗೇ ಇತ್ತು. ಆದರೆ ಮಿತಿಗಳ ಪಟ್ಟಿಯ ಕೆಳಗೆ ಹೊಸದೊಂದು ಸಾಲಿತ್ತು. ವಿಶೇಷ ವೈದ್ಯಕೀಯ ಅಗತ್ಯವುಳ್ಳವರಿಗಾಗಿ ತಯಾರಿಸಿದ್ದನ್ನು ವೈದ್ಯರ ಸಲಹೆಯ ಮೇಲೆ ಹೆಚ್ಚಿನ ಪ್ರಮಾಣದಲ್ಲಿ ಕೊಡಬಹುದು ಎಂದು. ಆಪಾ ಬರೆದ ಮಾತುಗಳಲ್ಲ. ಅವರ ಅರ್ಜಿಯಿಂದಲೇ ಬಂತೋ, ಬೇರೆ ಊರಿನ ಡಾಕ್ಟರುಗಳು ಬರೆದದ್ದರಿಂದ ಬಂತೋ ಹೇಳುವವರಿಲ್ಲ. ಹೊಸ ಲೇಬಲಿನ ಮಾತ್ರೆ ಅಂಗಡಿಗೆ ಬರುವಷ್ಟರಲ್ಲಿ ಐದು ತಿಂಗಳು ಹಿಡಿಯಿತು. ಹಳೆಯದು ನಿಂತಿತ್ತು. ಆ ಐದು ತಿಂಗಳಿಗಾಗಿ ಆಪಾ ಊರೂರಿನ ಅಂಗಡಿಗಳಿಂದ ಹಳೆಯ ಮಾತ್ರೆಯನ್ನು ಮೊದಲೇ ಕೂಡಿಟ್ಟಿದ್ದರು. ನಾಲ್ಕು ಮನೆಗಳಿಗೂ ಹಂಚಿದರು. ಮಂಡಿಕಲ್ಲಿನ ಮನೆಯಲ್ಲಿ ಮುಗಿಯಿತೆಂದು ಫೋನ್ ಬಂದಾಗ ತಮ್ಮ ಡಬ್ಬಿಯಿಂದಲೇ ಅರ್ಧ ಕೊಟ್ಟುಬಂದರಂತೆ. ಒಂದು ಮಗುವೂ ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ. ಇದನ್ನೆಲ್ಲ ನಾನು ಬೀದಿಯವರಿಂದ ಕೇಳಿ ತಿಳಿದೆ. ಅಷ್ಟು ಹೊತ್ತಿಗೆ ಆ ಜಗಲಿಯ ಮೇಲೆ ಕೂರುವುದನ್ನು ಬಿಟ್ಟಿದ್ದೆ. ಅವರು ಬರಬೇಡ ಎನ್ನಲಿಲ್ಲ. ಎದುರಾದರೆ ಊಟವಾಯಿತೇ ಎನ್ನುತ್ತಿದ್ದರು. ಮುಂದಿನ ವರ್ಷ ನನಗೆ ಮದುವೆಯಾಯಿತು, ಚಿಕ್ಕಬಳ್ಳಾಪುರಕ್ಕೆ ಮನೆ ಬದಲಾಯಿಸಿದೆ. ಆಮೇಲೆ ಆ ಕೆಲಸವನ್ನೂ ಬಿಟ್ಟೆ.

ಬಿ-ಕಾಂಪ್ಲೆಕ್ಸ್ ಡಬ್ಬಿ ತೆರೆದ ಆ ವಾರವೇ ಗೌರಿಬಿದನೂರಿನ ಬಸ್ಸು ಹತ್ತಿದೆ. ಏನು ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಬಾಗಿಲು ತೆರೆದವಳು ಹುಡುಗಿ. ಹುಡುಗಿ ಎನ್ನುವಂತಿಲ್ಲ, ಈಗ ಬಿ.ಎಡ್. ಓದುತ್ತಿದ್ದಾಳೆ. ಖಾಲಾ ಹೋಗಿ ಎಂಟು ತಿಂಗಳಾಯಿತು ಅಂಕಲ್ ಎಂದಳು. ಅವಳು ದೊಡ್ಡಮ್ಮನನ್ನು ಖಾಲಾ ಎನ್ನುತ್ತಿದ್ದಳು. ಹೃದಯದ ತೊಂದರೆ, ಎರಡು ದಿನ ಮಲಗಿದ್ದರಂತೆ, ಅಷ್ಟೆ.

ಕೂರಿಸಿ ಚಹಾ ತಂದಳು. ಕಡತಗಳು ಅಲ್ಮೇರಾದಲ್ಲಿ ಹಾಗೇ ಇವೆ ಎಂದಳು. ನಾನು ತಡವರಿಸುತ್ತ ಶುರುಮಾಡಿದೆ. ಆಗ ಇನ್ನೊಂದು ಪತ್ರಕ್ಕೆ ಸಹಿ ಹಾಕಿದ್ದೆ, ನಿನಗೆ ಗೊತ್ತಿರಲಿಕ್ಕಿಲ್ಲ ಎಂದೆ.

"ಗೊತ್ತು ಅಂಕಲ್. ಖಾಲಾಗೆ ಆ ಲಿಸ್ಟ್ ಓದಿ ಹೇಳಿದ್ದೇ ನಾನು."

ಅವಳೇ ಮುಂದುವರಿಸಿದಳು. ನಿಮ್ಮ ಹೆಸರು ಓದಿದಾಗ ನನಗೆ ಸಿಟ್ಟು ಬಂದಿತ್ತು, ನಿಮ್ಮ ಪ್ಯಾರಾ ಕಿತ್ತುಹಾಕಬೇಕಿತ್ತು ಎಂದು ಖಾಲಾ ಹತ್ತಿರ ಕೂಗಾಡಿದ್ದೆ ಎಂದಳು. ಅವರೇನಂದರು ಎಂದು ಕೇಳಿದೆ.

"ಬರ್ದಿರೋದು ನಿಜ ಅಲ್ವಾ, ಯಾರು ಬರ್ದ್ರೆ ಏನು ಅಂದ್ರು. ಅಷ್ಟೇ. ಆಮೇಲೆ ನಿಮ್ಮ ವಿಷ್ಯ ಎತ್ತೋಕೆ ಬಿಡ್ಲಿಲ್ಲ."

ಸಮಾಧಿ ಎಲ್ಲಿದೆ ಎಂದು ಕೇಳಿ ತಿಳಿದುಕೊಂಡು ಹೊರಟೆ. ಗೇಟಿನವರೆಗೆ ಬಂದು, ಕಾಲಿಗೆ ಏನಾಗಿದೆ, ಎಳೆಯುತ್ತಿದ್ದೀರಲ್ಲ ಎಂದಳು. ಹೇಳಿದೆ. ಮಾತ್ರೆ ತಪ್ಪಿಸಬೇಡಿ ಎಂದಳು, ದಿನಾ ಮಾತ್ರೆ ನುಂಗುತ್ತಲೇ ಬೆಳೆದವರ ದನಿಯಲ್ಲಿ. ಖಬರಸ್ತಾನದಲ್ಲಿ ಹೊಸ ಮಣ್ಣಿನ ದಿಬ್ಬಗಳು ನಾಲ್ಕಾರಿದ್ದವು. ಯಾವುದರ ಮೇಲೂ ಹೆಸರಿರಲಿಲ್ಲ. ಅವಳು ಹೇಳಿದ ಗುರುತು ಹಿಡಿದು ಒಂದರ ಮುಂದೆ ನಿಂತೆ. ಅದೇ ಎಂದು ಖಾತ್ರಿಯಾಗಿ ಈಗಲೂ ಹೇಳಲಾರೆ.