ಗಿರಣಿ ಆಯಿ ಮತ್ತು ಮಾಳಿಗೆಯ ನಾಯಿ

ಹುಬ್ಬಿನ ಮೇಲೂ ಕಿವಿಯ ಬೆಂಡೋಲೆಯ ಮೇಲೂ ಜೋಳದ ಹಿಟ್ಟು ಕೂತು ಸಂಜೆಯ ಹೊತ್ತಿಗೆ ಆಯಿಯ ಮುಖ ಬೆಳ್ಳಗಾಗಿರುತ್ತಿತ್ತು. ಎಲೆ ಅಡಿಕೆಯಿಂದ ಕೆಂಪಾದ ಬಾಯಿ ಮಾತ್ರ ಎದ್ದು ಕಾಣುತ್ತಿತ್ತು. ಗಜೇಂದ್ರಗಡದಲ್ಲಿ ನಮ್ಮ ಬಾಡಿಗೆ ಮನೆಯ ಎದುರಿಗೇ ಅವಳ ಹಿಟ್ಟಿನ ಗಿರಣಿ. ಓಣಿಗೆಲ್ಲ ಅಜ್ಜಿಯಂತಿದ್ದ ಅವಳು, ಗಂಡ ತೀರಿದ ಮೇಲೆ ಅದನ್ನು ಒಬ್ಬಳೇ ನಡೆಸುತ್ತಿದ್ದಳು. ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ರೂಢಿಯಾಗಿ, ಗಿರಣಿ ನಿಂತಾಗಲೂ ಅವಳ ದನಿ ಇಳಿಯುತ್ತಿರಲಿಲ್ಲ. ನನ್ನ ಕಿವಿಯಲ್ಲಿ ಹೇಳಿದ ಗುಟ್ಟು ಪಕ್ಕದ ಹಳ್ಳಿ ಪುರ್ತಗೇರಿಯಿಂದ ಬೀಸಿಸಲು ಬಂದವರಿಗೂ ತಿಳಿಯುತ್ತಿತ್ತು.

ಹೆರಿಗೆ ಮುಗಿಸಿ ಜಕ್ಕಲಿಯ ತವರಿನಿಂದ ನಾನು ಕೂಸಿನೊಡನೆ ಬಂದಾಗ, ಪಕ್ಕದಲ್ಲೇ ಇದ್ದ ಮನೆ ಮಾಲೀಕರು ಹುಬ್ಬಳ್ಳಿಯಿಂದ ಒಂದು ಜಾತಿನಾಯಿ ತರಿಸಿದ್ದರು. ಅವರು ಊರಿನಲ್ಲಿ ಕಾಳಿನ ದೊಡ್ಡ ವ್ಯಾಪಾರಿ. ನಾಯಿಯನ್ನು ಬಯಲು ಮಾಳಿಗೆಯ ಮೇಲೆ ಗಿಡ್ಡ ಸರಪಳಿಯಲ್ಲಿ ಕಟ್ಟಿ ಅಂಗಡಿಗೆ ಹೋಗಿಬಿಡುತ್ತಿದ್ದರು. ಬಿಸಿಲೇರಿದಂತೆ ಅದು ಬೊಗಳಲು ಶುರುಮಾಡಿದರೆ ಸಂಜೆತನಕ ನಿಲ್ಲುತ್ತಿರಲಿಲ್ಲ. ಕೂಸು ಕಣ್ಣು ಮುಚ್ಚುವಷ್ಟರಲ್ಲಿ ಬೆಚ್ಚಿ ಎದ್ದು ಅಳುತ್ತಿತ್ತು. ಜೊತೆಗೆ ನಾನೂ ಅತ್ತದ್ದುಂಟು. "ಬಾಡಿಗಿ ಮನ್ಯಾಗ ಅದೇವಿ, ಸುಮ್ನಿರು" ಎನ್ನುತ್ತಿದ್ದರು ನನ್ನ ಗಂಡ. ಓಣಿಯ ಉಳಿದವರಿಗೂ ಮಾಲೀಕರೊಡನೆ ಒಂದಿಲ್ಲೊಂದು ವ್ಯವಹಾರವಿತ್ತು. ಯಾರೂ ಬಾಯಿ ಬಿಡಲಿಲ್ಲ.

ಒಂದು ಬೆಳಿಗ್ಗೆ ಗಿರಣಿಗೆ ಬಂದ ನೆರೆಯವನೊಬ್ಬ, ರೊಟ್ಟಿಯಲ್ಲಿ ವಿಷ ಇಟ್ಟು ಮಾಳಿಗೆಗೆ ಎಸೆದರೆ ಕೆಲಸ ಮುಗಿಯಿತು ಎಂದ. ಆಯಿ ಯಂತ್ರ ನಿಲ್ಲಿಸಿದಳು.

"ಮಾಲಕರ ಮುಂದ ನಿಂತು ಮಾತಾಡಾಕ ಅಂಜಿಕಿ. ಕಟ್ಟಿ ಹಾಕಿದ ಪ್ರಾಣಿಗೆ ವಿಷ ಇಡಾಕ ಧೈರ್ಯ. ತಗೋ ನಿನ್ನ ಡಬ್ಬಿ."

ಜೋಳವನ್ನು ಬೀಸದೆಯೇ ಅವನ ಕೈಗಿಟ್ಟಳು. ಆಮೇಲೆ ನಮ್ಮ ಬಾಗಿಲಿಗೆ ಬಂದು, "ನಡಿ ಯವ್ವಾ, ಕೂಸಿನ್ನ ಎತಗೋ" ಎಂದಳು.

ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಆಯಿ ನೇರ ಮಾಲೀಕರ ಎದುರಿಗೆ ಹೋಗಿ ನಿಂತಳು.

"ಸಾವಕಾರ್ರ, ನಿಮ್ಮ ನಾಯಿಗೆ ನೆಳ್ಳಿಲ್ಲ, ನೀರಿಲ್ಲ. ಅದು ಬೊಗಳತೈತಿ. ಈ ಕೂಸಿಗೆ ನಿದ್ದಿಲ್ಲ. ಇದು ಅಳತೈತಿ."

ಅವರು ನಕ್ಕರು. "ನಿಮ್ಮ ಗಿರಣಿ ಸಪ್ಪಳ ಮಾಡೂದಿಲ್ಲೇನ್ ಆಯಿ?"

"ಮಾಡತೈತಿ. ಈ ಕೂಸು ಬಂದಾಗಿಂದ ಮಧ್ಯಾಹ್ನ ಬಂದ್ ಇಡಾಕ ಹತ್ತೇನಿ."

ಅದು ಕೂಸಿಗಾಗಿ ಎಂದು ನನಗೂ ಗೊತ್ತಿರಲಿಲ್ಲ. ಮಧ್ಯಾಹ್ನ ಆಯಿ ಮಲಗುತ್ತಾಳೆಂದೇ ತಿಳಿದಿದ್ದೆ.

ಮಾಲೀಕರು ನನ್ನ ಕಡೆ ತಿರುಗಿದರು. "ತ್ರಾಸ ಆಗತಿದ್ರ ಮನಿ ಖಾಲಿ ಮಾಡ್ರಿ ತಂಗಿ."

ಆಯಿ ಹತ್ತಿರದ ಕಡಲೆ ಚೀಲದ ಮೇಲೆ ಕುಳಿತುಬಿಟ್ಟಳು. "ಮಾಡತಾರ. ಗಿರಣಿ ಹಿಂದಿನ ಖೋಲಿ ಖಾಲಿ ಅದಾವು, ನಾ ಕೊಡತೇನಿ. ಆದ್ರ ನಾಯಿಗೆ ನೆಳ್ಳು ಆಗೂತನಕ ನಾ ಇಲ್ಲಿಂದ ಏಳೂದಿಲ್ಲ."

ಆಮೇಲೆ ಬಂದ ಪ್ರತಿಯೊಬ್ಬ ಗಿರಾಕಿಗೂ ಆ ದನಿಯಲ್ಲಿ ಮೊದಲಿನಿಂದ ಎಲ್ಲವನ್ನೂ ಹೇಳಿದಳು. ಆಚೀಚಿನ ಅಂಗಡಿಯವರೂ ಹೊರಗೆ ಬಂದು ನಿಂತರು.

"ಮೆಲ್ಲಕ ಮಾತಾಡ್ರಿ ಆಯಿ" ಎಂದರು ಮಾಲೀಕರು.

"ನನಗ ಮೆಲ್ಲಕ ಬರೂದಿಲ್ಲ."

ಯಾರೋ ಒಬ್ಬರು, "ಖರೇನಾ, ನೀರ ಸೈತ ಇಡೂದಿಲ್ಲಾ?" ಎಂದು ಕೇಳಿದರು. ಉತ್ತರ ಬಂದದ್ದು ನನ್ನ ಬಾಯಿಂದ. "ಖರೇ ಐತ್ರಿ. ನಮ್ಮ ಮಾಳಗಿ ಮ್ಯಾಲಿಂದ ನಾನ ನೋಡೇನಿ, ನೀರಿನ ಬೋಗಾಣಿ ಒಣಗಿರತೈತಿ." ಮಾಲೀಕರ ಮುಂದೆ ನಾನು ದನಿ ಎತ್ತಿದ್ದು ಅದೇ ಮೊದಲು.

ಊಟದ ಹೊತ್ತಿಗೆ ಮಾಲೀಕರು ಆಳನ್ನು ಮನೆಗೆ ಕಳಿಸಿದರು. ನಾಯಿ ಕೆಳಗಿಳಿದು ಹಿತ್ತಲಿನ ಬೇವಿನ ನೆರಳಿಗೆ ಬಂತು, ನೀರೂ ಉದ್ದನೆಯ ಹಗ್ಗವೂ ಸಿಕ್ಕವು. ಅಪರಿಚಿತರನ್ನು ಕಂಡರೆ ಬೊಗಳುವುದನ್ನು ಅದೇನೂ ಬಿಡಲಿಲ್ಲ. ಆದರೆ ಮಧ್ಯಾಹ್ನ ಅದೂ ಮಲಗುತ್ತಿತ್ತು, ನನ್ನ ಕೂಸೂ ಮಲಗುತ್ತಿತ್ತು. ಮಾಲೀಕರು ಮತ್ತೆ ಮನೆ ಬಿಡಿ ಅನ್ನಲಿಲ್ಲ. ಆದರೂ ಅವರ ಹಂಗು ಬೇಡವೆಂದು ನಾವು ಗಿರಣಿಯ ಹಿಂದಿನ ಆಯಿಯ ಕೋಣೆಗಳಿಗೆ ಬಂದೆವು. ಮೊದಲು ಗೊಣಗಿದ ನನ್ನ ಗಂಡ, ಕೊನೆಗೆ ತಾವೇ ಕಪಾಟು ಹೊತ್ತರು.

ಆಯಿಯ ದನಿ ನನಗಿಲ್ಲ. ಆದರೆ ಆ ಕೂಸು, ನನ್ನ ಮಗಳು, ಈಗ ಓದುವ ಸಾಲೆಯಲ್ಲಾಗಲಿ, ಕಚೇರಿಯ ಕಿಟಕಿಯ ಮುಂದಾಗಲಿ, ಕೇಳಬೇಕಾದ್ದನ್ನು ಕೇಳಿಯೇ ಬರುತ್ತೇನೆ. ಅದು ಅವಳು ಕೊಟ್ಟದ್ದು.

ಹೋದ ವರ್ಷ ಉಸಿರಾಟ ಕಷ್ಟವಾಗಿ ಅವಳನ್ನು ದವಾಖಾನೆಗೆ ಸೇರಿಸಿದೆವು. ಪಕ್ಕದ ಹಾಸಿಗೆಯ ಮುದುಕಿ ಹೊದಿಕೆಯಿಲ್ಲದೆ ನಡುಗುತ್ತಿದ್ದಳು. ಆಯಿ ಏದುಸಿರಿನಲ್ಲೇ ನರ್ಸ್ ಜೊತೆ ಜಗಳಕ್ಕೆ ನಿಂತಳು. "ಸುಮ್ನ ಮಲಕೋರಿ ಆಯಿ, ಮಾತಾಡಬ್ಯಾಡ್ರಿ" ಎಂದಳು ನರ್ಸ್.

"ಸುಮ್ನ ಇರಾಕ ಮುಂದ ಭಾಳ ಹೊತ್ತೈತಿ. ಮೊದಲ ಆಕಿಗೆ ಚಾದರ ಕೊಡ್ರಿ."

ಚಾದರ ತಂದು ಹೊದಿಸುವವರೆಗೂ ಆಯಿ ಕಣ್ಣು ಮುಚ್ಚಲಿಲ್ಲ. ಮರುದಿನ ಬೆಳಿಗ್ಗೆ ತೀರಿಕೊಂಡಳು.